ತೂರಾಟಕ್ಕೆ ಬಿದ್ದ ಚಪ್ಪಾಳೆ

ನಾಟಕ ಕಂಪನಿಯ ಬಿಡಾರ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ತಂಗಿ ಪುಟ್ಟೀ,

ಈ ಅಣ್ಣನ ಗಂಟಲಿನಲ್ಲಿರುವ ಅಷ್ಟೂ ಶಕ್ತಿಯಿಂದ ನಿನಗೆ ಆಶೀರ್ವಾದ! ಹೇಗಿದ್ದೀಯೆ? ಮಂಡಿನೋವು ಇಳಿಯಿತೆ? ಹೊಲಿಗೆ ಯಂತ್ರದ ಮುಂದೆ ಕೂತರೆ ಊಟ ಮರೆಯುತ್ತೀಯಂತೆ, ಭಾವನವರು ದೂರು ಕಳಿಸಿದ್ದಾರೆ. ಅಕ್ಷರ ಸೊಟ್ಟಗಿದೆಯೆಂದು ನಗಬೇಡ. ಬರೆಯುತ್ತಿರುವವನು ನಾನೇ, ಕೈ ಮಾತ್ರ ಬೇರೆ ಯಾರದೋ ಆದಂತಿದೆ.

ಈಗ ಸುದ್ದಿ ಕೇಳು. ಅರ್ಧ ಆಯುಷ್ಯ ರಂಗದ ಮೇಲೆ ರಾಜನಾಗಿ ಮೆರೆದ ನಿನ್ನಣ್ಣ, ಹೋದ ವರ್ಷ ಸಿಂಹಾಸನದಿಂದ ಇಳಿಯುವಾಗ ತನ್ನ ಕಾಲೆಲ್ಲಿದೆಯೆಂದೇ ತಿಳಿಯದೆ ಮಂತ್ರಿಯ ಗಡ್ಡ ಹಿಡಿದು ನಿಂತ. ಗಡ್ಡ ಕೈಗೆ ಬಂತು, ಮುದಿ ಮಂತ್ರಿ ಎಲ್ಲರೆದುರು ಹರೆಯದವನಾದ! 'ರಾಜರು ಇವತ್ತು ಜೋರಾಗಿದ್ದಾರೆ!' ಎಂದು ಹಿಂದಿನ ಬೆಂಚು ಕೂಗಿತು. ಹೆಂಡದ ವಾಸನೆ ಬಂದರೆ ರಸ್ತೆ ಬದಲಿಸುವವನು ನಾನು! ಆಮೇಲೆ ಮಾತುಗಳೂ ಕೈಕೊಟ್ಟವು. ಬಾಯಿ ತೆರೆದರೆ ತಲೆಯೊಳಗೆ ಬರೀ ಮಂಜು. ಮಾಲೀಕರು ಕಿರೀಟ ಇಳಿಸಿ, ಹೊಸ ನಾಟಕದಲ್ಲಿ ಕುಡುಕನ ಪಾತ್ರ ಕೊಟ್ಟರು. ಆಗ ಬಿತ್ತು ನೋಡು ಚಪ್ಪಾಳೆ! 'ಏನ್ ನಟನೆ, ಏನ್ ನಟನೆ!' ಎಂದು ಊರೇ ಕೊಂಡಾಡಿತು. ನಾನು ನಟಿಸಲೇ ಇಲ್ಲ ಪುಟ್ಟೀ, ಬಾಗಿಲಿನಿಂದ ಕಂಬದವರೆಗೆ ಸುಮ್ಮನೆ ನಡೆದೆ, ಅಷ್ಟೆ.

ನಿನ್ನತ್ತಿಗೆ ನನ್ನನ್ನು ನರರೋಗದ ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. 'ಇವರು ಕುಡಿಯಲ್ಲ ಡಾಕ್ಟ್ರೇ. ಕುಡಿದಿದ್ರೆ ಒಂದು ಕಾರಣನಾದ್ರೂ ಇರ್ತಿತ್ತು' ಎಂದು ನನ್ನ ಮಾನ ಉಳಿಸಿದಳೋ ಕಳೆದಳೋ ಗೊತ್ತಾಗಲಿಲ್ಲ. ಮೂಗು ಮುಟ್ಟಿ ಎಂದರು, ಕೆನ್ನೆ ಮುಟ್ಟಿದೆ. ನೆಟ್ಟಗೆ ನಡೆಯಿರಿ ಎಂದರು, ಗೋಡೆಯನ್ನು ಅಪ್ಪಿದೆ. ಆಮೇಲೆ ಆ ಮಹಾತಾಯಿ ತಲೆಯ ಮಾತು ಬಿಟ್ಟು ಏನು ತಿನ್ನುತ್ತೀರಿ ಎಂದು ಕೇಳಬೇಕೆ! ಬ್ರೆಡ್ಡು, ಬನ್ನು, ಬಿಸ್ಕತ್ತು. ಕಂಪನಿಯವರ ಹೊಟ್ಟೆಗೆ ಇನ್ನೇನು? ರಕ್ತ ತೆಗೆದರು, ತಲೆಯ ಸ್ಕ್ಯಾನು ಮಾಡಿದರು, ಬಾಯಿಂದ ಕೊಳವೆ ಇಳಿಸಿ ಕರುಳನ್ನೂ ನೋಡಿದರು. ಸೀಲಿಯಾಕ್ ಎಂಬ ಕಾಯಿಲೆಯಂತೆ. ಗೋಧಿಯಲ್ಲಿ ಗ್ಲುಟೆನ್ ಎಂಬುದೊಂದು ಇದೆ, ಅದರ ಮೇಲೆ ದಂಡೆತ್ತಿ ಹೊರಟ ನನ್ನದೇ ಮೈಯ ಸೈನ್ಯ ದಾರಿ ತಪ್ಪಿ, ನಡಿಗೆಯನ್ನು ಕಾಯುವ ಕಿರುಮೆದುಳಿಗೆ ನುಗ್ಗಿ ಸ್ವಂತದವರನ್ನೇ ಬಡಿಯುತ್ತಿದೆಯಂತೆ! ಹೊಟ್ಟೆನೋವೇ ಇಲ್ಲವಲ್ಲಮ್ಮಾ ಎಂದೆ. 'ಕೆಲವರಿಗೆ ಹೊಟ್ಟೆ ಸುಮ್ಮನಿರುತ್ತೆ, ನರಗಳೇ ಕೂಗ್ತವೆ' ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲವೆ? ಎಲ್ಲಿಯ ಬನ್ನು, ಎಲ್ಲಿಯ ಮಿದುಳು! ಇನ್ನು ಜೀವಮಾನಪೂರ್ತಿ ಗೋಧಿ ಬಿಡಬೇಕು, ಬಾರ್ಲಿಯೂ ಕೂಡದು. ಬಿಟ್ಟರೆ ಕಾಲು ಎಷ್ಟು ಮರಳುತ್ತದೋ ಹೇಳಲಾರರು, ತಡಮಾಡಿದಷ್ಟೂ ಕಡಿಮೆ ಎಂಬುದು ಮಾತ್ರ ಖಂಡಿತವಂತೆ. ಒಡಹುಟ್ಟಿದವಳಾದ ನೀನೂ ರಕ್ತಪರೀಕ್ಷೆ ಮಾಡಿಸಬೇಕು. ಆದರೆ ಅದಕ್ಕೆ ಮೊದಲೇ ಗೋಧಿ ಬಿಟ್ಟೀಯೆ, ಜೋಕೆ! ಬಿಟ್ಟರೆ ಪರೀಕ್ಷೆಯಲ್ಲಿ ಏನೂ ಸಿಕ್ಕದಂತೆ. ನಾನು ತಿನ್ನಬಾರದು, ನೀನು ತಿನ್ನುತ್ತಿರಬೇಕು. ಇದು ಯಾವ ನಾಟಕದ ಯಾವ ಅಂಕವೋ ಆ ದೇವರೇ ಬಲ್ಲ.

ಮಾಲೀಕರ ಮಾತು ಇನ್ನೊಂದು. 'ಈ ಸೀಸನ್ ಒಂದು ಮುಗೀಲಿ ಕಣಯ್ಯಾ, ಆಮೇಲೆ ಬಿಡು. ನಿನ್ನ ಕಾಲು ನೆಟ್ಟಗಾದ್ರೆ ನನ್ನ ನಾಟಕ ಮಲಗುತ್ತೆ' ಎಂದು ತಾವೇ ಬನ್ನಿನ ಪೊಟ್ಟಣ ತಂದುಕೊಟ್ಟರು. 'ನಿಮ್ಮ ನಾಟಕ ಎದ್ದು ನಿಲ್ಲೋಕೆ ನನ್ನ ಗಂಡ ಬೀಳ್ಬೇಕಾ?' ಎಂದು ನಿನ್ನತ್ತಿಗೆ ಅದನ್ನು ಅವರ ಮಡಿಲಿಗೇ ಎಸೆದಳು. ನಡುವೆ ನಾನು, ಅತ್ತ ದರಿ ಇತ್ತ ಪುಲಿ. ಒಂದು ದಿನ ಬಿಡುತ್ತೇನೆ, ಮರುದಿನ ಪರದೆಯ ಹಿಂದೆ ನಿಂತು ತಿನ್ನುತ್ತೇನೆ. ರಾಜನಾಗಿ ಗುಡುಗಿದಾಗಲೂ ಇಂಥ ಚಪ್ಪಾಳೆ ಬಿದ್ದಿರಲಿಲ್ಲ ಪುಟ್ಟೀ. ಕಾಲು ನೆಟ್ಟಗಾಗಿ ಜನ ಮುಖ ತಿರುಗಿಸಿದರೆ? ಚಪ್ಪಾಳೆ ನಂಬಿ ಕಾಲೇ ಹೋದರೆ? ಯೋಚಿಸಲು ಕೂತರೆ ಅದೇ ಮಂಜು. ನೀನಾದರೂ ಹೇಳು, ಏನು ಮಾಡಲಿ?

ಭಾವನವರಿಗೆ ನಮಸ್ಕಾರ. ಮಕ್ಕಳ ಕೆನ್ನೆ ಹಿಂಡು, ಸೋದರಮಾವನ ಲೆಕ್ಕದಲ್ಲಿ. ನೀನು ಹೊತ್ತುಹೊತ್ತಿಗೆ ಉಂಡು ನೂರು ಕಾಲ ಬಾಳು.

ನಿನ್ನ ದೊಡ್ಡ ಬಾಯಿಯ
ಅಣ್ಣ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಅಷ್ಟರಲ್ಲಿ ಮಧ್ಯಾಹ್ನದ ಆಟಕ್ಕೆ ಕರೆ ಬಂತು. ಈಗ ಮುಗಿಸಿ ಬಂದೆ. ಕೊನೆಯ ದೃಶ್ಯದಲ್ಲಿ ಮಗಳು 'ಅಪ್ಪಾ' ಎಂದು ಕರೆದಾಗ ಕುಡುಕ ಒಂದು ಉಸಿರಿನಷ್ಟು ಹೊತ್ತು ನೆಟ್ಟಗೆ ನಿಲ್ಲಬೇಕು. ನಾಟಕವೆಲ್ಲ ಇರುವುದೇ ಆ ನಿಲುವಿಗಾಗಿ. ಇಷ್ಟು ದಿನ ರಂಗದ ಮೇಲಿನ ಬೆಂಚು ಹಿಡಿದು ಹೇಗೋ ನಿಲ್ಲುತ್ತಿದ್ದೆ, ಇವತ್ತು ಆಗಲಿಲ್ಲ. ಕಣ್ಣೊರೆಸಿಕೊಳ್ಳಬೇಕಾದ ಜನ ಹೊಟ್ಟೆ ಹಿಡಿದು ನಕ್ಕರು. ಮಗಳ ಪಾತ್ರದವಳೊಬ್ಬಳೇ ನಗಲಿಲ್ಲ. ನನ್ನ ತೋಳು ಹಿಡಿದು 'ನಿಂತ್ಕೊಳ್ಳಿ ಸಾರ್, ನಿಂತ್ಕೊಳ್ಳಿ' ಎಂದು ಪಿಸುಗುಟ್ಟಿದಳು. ಗೋಧಿ ಬಿಟ್ಟೆ ಪುಟ್ಟೀ, ಇವತ್ತಿನಿಂದಲೇ. ಕಾಲು ಬರುತ್ತದೋ ಇಲ್ಲವೋ ತಿಳಿಯದು. ಬಣ್ಣ ಒರೆಸದೆ ಹೋಗಿ ಮಾಲೀಕರಿಗೆ ಹೇಳಿಬಂದೆ: ಕುಡುಕನ ಪಾತ್ರಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ನಟಿಸಬಲ್ಲವರನ್ನು.