ಅಮೀರಬಿಯ ಬಲಗೈ

ದೊಡವಾಡ, ೩ ನವೆಂಬರ ೧೯೫೩

ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ನಲವತ್ತು ವರ್ಷ ಎಲುಬು ಕಟ್ಟಿದ್ದೇನೆ, ಒಂದಕ್ಕೂ ಚೀಟಿ ಬರೆದಿಲ್ಲ. ಬೈಲಹೊಂಗಲದ ತ್ರ್ಯಂಬಕ ಡಾಕ್ಟರ ಈ ವಹಿ ಕೈಗೆ ತುರುಕಿದ. ಬಳೆಗಾರ್ತಿ ಅಮೀರಬಿಯ ಪ್ಲಾಸ್ಟರ ಹಾಕಿದ ಕೈಯ ಬೆರಳು ದಿನಾ ನೋಡಬೇಕಂತೆ — ಬಾವು, ಬಣ್ಣ, ಅಲುಗಾಟ. ಅದಷ್ಟನ್ನು ಅಂಚೆ ಕಾರ್ಡಿಗೆ ಬರೆದು ಅವನಿಗೆ ಹಾಕುತ್ತೇನೆ. ಉಳಿದದ್ದು ಇಲ್ಲೇ ಇರಲಿ.

ಬೆರಳು ಬೆಚ್ಚಗಿವೆ. ಐದೂ ಅಲುಗಿದವು. ಆ ಕೈ ನಡೆಯದಿದ್ದರೆ ಅವಳ ಕಸುಬು ನಿಂತಂತೆ.

೪ ನವೆಂಬರ, ಮುಂಜಾನೆ

ಶನಿವಾರ ಚಕ್ಕಡಿಯಿಂದ ಬಿದ್ದಳು. ಎಡಗೈಯಲ್ಲಿ ಬಳೆಯ ಮಲಾರ, ಬಲಗೈ ಊರಿದಳು. ಮಣಿಕಟ್ಟು ಮುರಿದದ್ದು ಎದ್ದು ಕಾಣುತ್ತಿತ್ತು. ಬಿದಿರಕಡ್ಡಿ ಇಟ್ಟು ಕಟ್ಟಿದೆ. ಹೆಣ್ಣುಮಗಳು, ಗಂಡ ಫಕ್ರುಸಾಬ ಎದುರಿಗೇ ಕೂತಿದ್ದ — ಕುಪ್ಪಸದ ತೋಳು ಮೇಲೆ ಸರಿಸು ಎನ್ನಲಿಲ್ಲ. ಯಾವ ಹೆಣ್ಣುಮಗಳಿಗೂ ಅಂದವನಲ್ಲ. ಮೇಲೆಯೂ ನೋವಿದೆಯೆಂದು ನಾಚಿಕೆಗೆ ಅವಳೂ ಹೇಳಲಿಲ್ಲ. ಎರಡು ದಿನ ನರಳಿದಳು.

ಸೋಮವಾರ ದವಾಖಾನೆಗೆ ಒಯ್ದೆವು. ಡಾಕ್ಟರ ಮೊದಲು ಕತ್ತರಿ ತಗೊಂಡು ಕುಪ್ಪಸದ ತೋಳು ಸೀಳಿದ. ಮೊಣಕೈ ಕೀಲು ತಪ್ಪಿ ಹಿಂದಕ್ಕೆ ಸರಿದಿತ್ತು.

ಬಯ್ಯುತ್ತಾನೆಂದು ಕಾದೆ. “ಅಜ್ಜಾರ, ರಟ್ಟಿ ಗಟ್ಟಿ ಹಿಡೀರಿ,” ಅಂದ. ಅಷ್ಟೇ.

೬ ನವೆಂಬರ

ಇನ್ನೂ ಅದೇ ಕಣ್ಣ ಮುಂದೆ. ಮೊಣಕೈ ಕೂಡಿಸಲು ನಾವು ಅಂಗೈ ಹಿಡಿದು ಜಗ್ಗುವವರು. ಇಲ್ಲಿ ಮಣಿಕಟ್ಟೇ ಮುರಿದಿದೆ — ಎಲ್ಲಿ ಹಿಡಿಯುವುದು? ನಾನಾದರೆ ಕೈ ಚೆಲ್ಲುತ್ತಿದ್ದೆ. ಅವನು ಮೂಗಿಗೆ ಔಷಧ ಹಿಡಿಸಿ ಮಲಗಿಸಿದ. ಮುಂಗೈಯ ನಟ್ಟನಡುವೆ ಹಿಡಿದ. ಮೆಲ್ಲಗೆ ಜಗ್ಗಿದ. ಹೆಬ್ಬೆರಳಿನಿಂದ ಮೊಣಕೈ ತುದಿಯನ್ನು ಮುಂದಕ್ಕೆ ಒತ್ತಿದ. ಠಕ್... ಕೂತಿತು. ಆಮೇಲೆ ಮಣಿಕಟ್ಟು. ಆಮೇಲೆ ಪ್ಲಾಸ್ಟರ, ರಟ್ಟೆಯಿಂದ ಅಂಗೈತನಕ.

ಮೂವತ್ತು ವಯಸ್ಸಿಲ್ಲ ಅವನಿಗೆ. ಎಂಥ ಕೈ.

೨೪ ನವೆಂಬರ

ಡಾಕ್ಟರು ಮೊಣಕೈಯ ಪ್ಲಾಸ್ಟರ ಬಿಚ್ಚಿದರು. ಮಣಿಕಟ್ಟಿನ ಪ್ಲಾಸ್ಟರ ಹಾಗೇ ಇದೆ. ಮೊಣಕೈ ದಿನಾ ಮಡಚಬೇಕು, ಚಾಚಬೇಕು. ಯಾರೂ ಜಗ್ಗುವಂತಿಲ್ಲ, ಅವಳೇ ಮಾಡಬೇಕು. ಹಲ್ಲು ಕಚ್ಚಿ ಮಾಡುತ್ತಾಳೆ, ಬೆವರು ಸುರಿಯುತ್ತದೆ. ಇವತ್ತಿಗೆ ಸಾಕು ಅಂದೆ.

“ನಿಮಗ ಸಾಕಾಗಿದ್ರ ಮನಿಗೆ ನಡೀರಿ ಕಾಕಾ.”

ಬೇರೆ ಯಾರಾದರೂ ಹಾಗೆ ಅಂದಿದ್ದರೆ ಎದ್ದು ಬರುತ್ತಿದ್ದೆ. ಕೂತೆ.

೧೫ ಡಿಸೆಂಬರ

ನಿನ್ನೆ ಪ್ಲಾಸ್ಟರ ಪೂರ್ತಿ ಹೋಯಿತು. ಕೈ ಬಡಕಲಾಗಿದೆ. ಇವತ್ತು ತಾನೇ ಬಂದು ನನ್ನ ಹೆಂಡತಿ ಸತ್ಯವ್ವನಿಗೆ ಬಳೆ ಇಡಿಸಿದಳು. ನಾಲ್ಕು ಬಳೆಗೆ ಅರ್ಧ ತಾಸು. ಒಂದೂ ಒಡೆಯಲಿಲ್ಲ.

೨೨ ಡಿಸೆಂಬರ, ಸಂಜೆ

ತೋಳು ಪೂರ್ತಿ ನೆಟ್ಟಗಾಗುತ್ತಿಲ್ಲ. ಮೂರು ಬೆರಳಷ್ಟು ಬಾಗಿಯೇ ನಿಲ್ಲುತ್ತದೆ. ವಾರದಿಂದ ಅಳೆಯುತ್ತಿದ್ದೇನೆ, ಕೂದಲಷ್ಟೂ ಬದಲಿಲ್ಲ. ಮಲಾರ ಹೊತ್ತು ಊರೂರು ತಿರುಗುವವಳು... ಅವಳು ಯಾಕೆಂದು ಕೇಳಿಲ್ಲ. ಕೇಳುವವಳೂ ಅಲ್ಲ. ನಾಳೆಯ ಕಾರ್ಡಿಗೆ ಇಷ್ಟೇ —

ಡಾಕ್ಟರ, ಆ ತೋಳು ನೆಟ್ಟಗಾಗುತ್ತದೋ ಇಲ್ಲವೋ. ಇಲ್ಲವಾದರೆ, ನಾನು ಹಾಳು ಮಾಡಿದ ಆ ಎರಡು ದಿನದಿಂದಲೋ. ಸಮಾಧಾನದ ಮಾತು ಬೇಡ. ಒಂದು ವಾರದೊಳಗೆ ಉತ್ತರ ಬರಬೇಕು.