ಒಗ್ಗರಣೆಯಿಲ್ಲದ ಮನೆ

ಮಂಡ್ಯ
ಬಿಡುವು ತಿಂಗಳ ಮೊದಲ ಬುಧವಾರ, ೨೧೯೧

ಪ್ರೀತಿಯ ಪ್ರಮೀಳಜ್ಜಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದು ಈ ಕಾಗದವನ್ನು ಹರಿದುಹಾಕಬೇಡ. ಬಿಸಿಲು ವಿಪರೀತವಾದ ಮೇಲೆ ನಾವು ಬೇರೆ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡೆವು. ಆಗ ಯಾರೂ ಹೊರಗೆ ದುಡಿಯುವಂತಿಲ್ಲ, ಅದಕ್ಕೇ ಅದರ ಹೆಸರು ಬಿಡುವು. ನಾನು ನಿನ್ನ ಮಗಳ ಕಡೆಯವಳು, ನಿನ್ನಿಂದ ಆರನೆಯ ತಲೆಮಾರು. ನಿನಗೀಗ ಮದುವೆಯೂ ಆಗಿಲ್ಲ, ಅಜ್ಜಿ ಎಂದದ್ದಕ್ಕೆ ಮುಖ ಊದಿಸಿಕೊಳ್ಳಬೇಡ. ನಿಮ್ಮ ಕಾಲದ ಕನ್ನಡವನ್ನು ಹಳೆಯ ರೆಕಾರ್ಡಿಂಗುಗಳನ್ನು ಕೇಳಿ ಕಲಿತಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ನಮ್ಮ ಮಕ್ಕಳಿಗೆ ಕ್ಯಾನ್ಸರ್ ಎಂಬ ಮಾತೇ ಗೊತ್ತಿಲ್ಲ. ಮಗು ಹುಟ್ಟಿದ ವಾರದಲ್ಲೇ ತೋಳಿನ ಚರ್ಮದಡಿ ಎಳ್ಳುಕಾಳಿನಷ್ಟು ಚಿಕ್ಕ ಮೈಗಾವಲು ಯಂತ್ರವೊಂದನ್ನು ಕೂರಿಸುತ್ತಾರೆ. ಗಂಟು ಕಟ್ಟುವ ಮೊದಲೇ ಅದು ರೋಗವನ್ನು ಪತ್ತೆಹಚ್ಚಿ ಅಳಿಸಿಬಿಡುತ್ತದೆ. ತಲೆಗೂದಲೆಲ್ಲ ಉದುರುವಂಥ ಮದ್ದನ್ನು ನರಕ್ಕೆ ಇಳಿಸುತ್ತಿದ್ದರು ಎಂದರೆ ಯಾರೂ ನಂಬುವುದಿಲ್ಲ. ಅಡುಗೆಗೂ ಈಗ ಸದ್ದಿಲ್ಲ. ಒಲೆಗೋಡೆ ಎಂದು ಎಲ್ಲರ ಮನೆಯಲ್ಲೂ ಒಂದು ಗೋಡೆಯಿದೆ, ಪಾತ್ರೆಯನ್ನು ಅದಕ್ಕೆ ತಾಗಿಸಿಟ್ಟರೆ ಸಾಕು, ಬೇಯುತ್ತದೆ. ಉರಿಯಿಲ್ಲ, ಹೊಗೆಯಿಲ್ಲ, ವಾಸನೆಯನ್ನೂ ಅದೇ ಹೀರಿಕೊಳ್ಳುತ್ತದೆ. ಮನೆಯೊಳಗೆ ಬೆಂಕಿ ಹಚ್ಚಬೇಕಾದರೆ ವಾರ್ಡಿನವರ ಒಪ್ಪಿಗೆ ಬೇಕು. ಆದರೂ ನಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನಾವು ಮೊದಲು ಓಡುವುದು ಆ ಒಪ್ಪಿಗೆಗೆ. ಅಟ್ಟದಿಂದ ಕಬ್ಬಿಣದ ಸೌಟು ಇಳಿಸಿ, ಎಣ್ಣೆ ಕಾಯಿಸಿ, ಕಾಯಿಲೆಯವರ ಕೋಣೆಯ ಬಾಗಿಲು ತೆರೆದಿಟ್ಟು ಸಾಸಿವೆ ಸಿಡಿಸುತ್ತೇವೆ. ಅಕ್ಕಪಕ್ಕದವರು ನಮಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ. ಕಳೆದ ವಾರ ನನ್ನ ಅವ್ವನಿಗೂ ಹಾಗೇ ಮಾಡಿದೆ. ಮುಪ್ಪಿಗೆ ಮೈಗಾವಲು ಏನೂ ಮಾಡಲಾರದು. ಸಾಸಿವೆ ಸಿಡಿದಾಗ ಅವಳು ಕಣ್ಣುಬಿಟ್ಟು ನಕ್ಕಳು, ಮರುದಿನ ಹೋಗಿಬಿಟ್ಟಳು. ಈಗ ನಮ್ಮ ಮನೆಯಲ್ಲಿ ಒಗ್ಗರಣೆಯಿಲ್ಲ.

ಈ ವಾಡಿಕೆ ಬಂದದ್ದು ನಿಮ್ಮ ಮನೆಯಿಂದ, ಅಜ್ಜಿ. ನಿನ್ನ ಅವ್ವ ಚಿಕ್ಕತಾಯಮ್ಮನಿಗೆ ಈಗ ಮೈಸೂರಿನಲ್ಲಿ ಕೀಮೋ ನಡೆಯುತ್ತಿದೆ. ಮೊದಲ ಸಲ ಮದ್ದು ಹಾಕಿಸಿಕೊಂಡು ಬಂದ ಮರುದಿನ ನೀನು ಬಸ್ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಆ ವಾಸನೆಗೆ ಅವಳು ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡಳು. ಅಂದಿನಿಂದ ನೀವು ಮೂವರೂ ಒಗ್ಗರಣೆಯನ್ನೇ ಬಿಟ್ಟಿರಿ. ಸೈಕಲ್ ಶಾಪಿನಲ್ಲಿ ಗಿರಾಕಿಗಳ ಮೇಲೆ ಜೋರು ಮಾಡುವ ನಿನ್ನಪ್ಪ ಬೋರಲಿಂಗಯ್ಯನವರು ತುಟಿ ಪಿಟಕ್ಕೆನ್ನದೆ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿದರು. ಉಪ್ಪಿನಕಾಯಿಯಿಲ್ಲದೆ ಊಟಕ್ಕೆ ಕೂರದ ನಿನ್ನ ತಮ್ಮ ನಂದೀಶ, "ನಂಗೇ ಗ್ಯಾಸ್ಟ್ರಿಕ್ ಆಗೈತೆ ಕಣವ್ವ, ಖಾರ ಬ್ಯಾಡ" ಎಂದು ಸುಳ್ಳು ಹೇಳಿದ. ಎಂಥ ಪ್ರೀತಿ, ಎಂಥ ದಡ್ಡತನ! ತನ್ನಿಂದಾಗಿ ಮನೆಯವರೆಲ್ಲ ಸಪ್ಪೆ ಉಣ್ಣುತ್ತಿದ್ದಾರೆಂದು ಅವ್ವ ನೊಂದುಕೊಂಡಾಳು ಎಂಬ ಭಯಕ್ಕೆ ನಿಜವಾದ ಕಾರಣವನ್ನು ಒಬ್ಬರೂ ಅವಳಿಗೆ ಹೇಳಲಿಲ್ಲ.

ಸಾವಾದ ಮನೆಯಲ್ಲಿ ತಿಥಿ ಮುಗಿಯುವವರೆಗೆ ಒಗ್ಗರಣೆ ಹಾಕುವುದಿಲ್ಲ ಎಂದು ನಾನು ನಿನಗೆ ಹೇಳಿಕೊಡಬೇಕೆ? ಮಲಗಿದ್ದ ನಿನ್ನ ಅವ್ವನ ಕಿವಿ ಅಡುಗೆಮನೆಯ ಕಡೆಗೇ ಇತ್ತು. ದಿನಾ ಕೇಳುತ್ತಿದ್ದ ಚುರ್ ಎಂಬ ಸದ್ದು ನಿಂತಿತು. ಮನೆಯವರು ಮೆಲ್ಲಗೆ ಮಾತಾಡತೊಡಗಿದರು. ನೋಡಲು ಬಂದ ನೆಂಟರು ಬಾಗಿಲ ಹೊರಗೆ ನಿಂತು ಕಣ್ಣೊರೆಸಿಕೊಂಡರು. ಗಂಟು ಕರಗುತ್ತಿದೆ ಎಂದು ಡಾಕ್ಟರು ಹೇಳಿದ್ದು ನಿಜವಾದರೂ ಅವಳು ಅದನ್ನು ಸಮಾಧಾನದ ಮಾತು ಎಂದುಕೊಂಡಳು. ನೆರೆಮನೆಯ ಸಾಕಮ್ಮನ ಹತ್ತಿರ ಮಾತ್ರ ಬಾಯಿಬಿಟ್ಟಳು: "ನಾ ಇನ್ನೂ ಉಸ್ರಾಡ್ತಾ ಇವ್ನಿ ಕಣೆ ಸಾಕಿ. ಇವ್ರು ಆಗ್ಲೇ ಸೂತ್ಕ ಹಿಡ್ಕಂಡು ಕುಂತವ್ರೆ. ಇನ್ಯಾಕೆ ಆಸ್ಪತ್ರೆ?" ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಳು. ಸಾಕಮ್ಮ ಬಾಯಿ ಮುಚ್ಚಿಕೊಂಡಿದ್ದಾಳೆ.

ಇನ್ನು ಮುಂದೆ ಬರೆಯುವುದು ನನಗೆ ನಡೆದುಹೋದದ್ದು, ನಿನಗೆ ಇನ್ನೂ ನಡೆಯದೇ ಇರುವುದು. ನಾಲ್ಕನೆಯ ಸಲ ಮೈಸೂರಿಗೆ ಹೊರಡುವ ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ನೀನು ಕಾಲು ಹಿಡಿದೆ, ನಿನ್ನಪ್ಪ ಕೂಗಾಡಿದರು, ನಂದೀಶ ಆಟೋ ನಿಲ್ಲಿಸಿಕೊಂಡು ಬಾಗಿಲಲ್ಲೇ ಅತ್ತ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಗಂಟು ಮತ್ತೆ ಬೆಳೆಯಿತು. ಸುಗ್ಗಿಯ ಹೊತ್ತಿಗೆ ನಿಮ್ಮ ಮನೆಯಲ್ಲಿ ನಿಜವಾಗಿಯೂ ಒಗ್ಗರಣೆ ಹಾಕುವಂತಿರಲಿಲ್ಲ. ತಿಥಿಯ ದಿನ ಸಾಕಮ್ಮ ಅಳುತ್ತಾ ವಿಷಯ ಹೇಳಿದಳು, ಅಂದಿನಿಂದ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ನೀನು ಸಾಸಿವೆ ಸಿಡಿಸತೊಡಗಿದೆ. ನೀನು ನಿನ್ನ ಮಗಳಿಗೆ ಹೇಳಿದೆ, ಅವಳು ತನ್ನ ಮಗಳಿಗೆ. ಹಾಗೆ ಬಾಯಿಂದ ಬಾಯಿಗೆ ಅದು ನನ್ನವರೆಗೂ ಬಂತು. ಇಷ್ಟು ಕಾಲದ ಮೇಲೂ ಇದನ್ನು ಬರೆಯುವಾಗ ನನಗೆ ಅಳು ತಡೆಯಲಾಗುತ್ತಿಲ್ಲ.

ಹಿಂದಿನ ಕಾಲಕ್ಕೆ ಕಾಗದ ಕಳಿಸುವುದಕ್ಕೆ ನಾವು ಹಿಂದಂಚೆ ಎನ್ನುತ್ತೇವೆ. ಒಂದು ಮನೆತನಕ್ಕೆ ಒಂದೇ ಸಲ ಅದರ ಅವಕಾಶ, ಉತ್ತರ ಬರುವುದಿಲ್ಲ. ಪ್ರಾಯದಲ್ಲಿದ್ದ ನನ್ನ ಅವ್ವನಿಗೇ ಬರೆಯೋಣ ಎಂದುಕೊಂಡಿದ್ದೆ. ಅವಳು ಮಲಗಿದಲ್ಲಿಂದಲೇ, "ನಂಗ್ಯಾಕೆ? ನಾ ಬದುಕಿದ್ದಾಯ್ತು. ಪ್ರಮೀಳಜ್ಜಿಗೆ ಬರಿ" ಎಂದಳು.

ಇದು ನಿನ್ನ ಕೈಸೇರುವುದು ನಾಲ್ಕನೆಯ ಸಲ ಮೈಸೂರಿಗೆ ಹೊರಡುವ ಹಿಂದಿನ ದಿನ. ಈಗಲೇ ಎದ್ದು ಅವ್ವನ ಹತ್ತಿರ ಹೋಗು. ಒಗ್ಗರಣೆ ಯಾಕೆ ಬಿಟ್ಟಿರಿ ಎಂದು ಬಾಯಿಬಿಟ್ಟು ಹೇಳು. ಆಮೇಲೆ ಅಡುಗೆಮನೆಯ ಬಾಗಿಲು ತೆರೆದಿಟ್ಟು ಎಣ್ಣೆ ಕಾಯಿಸು. ಬೆಳ್ಳುಳ್ಳಿ ಬೇಡ, ಬರೀ ಸಾಸಿವೆ ಸಾಕು. ವಾಕರಿಕೆ ಬಂದರೆ ಬರಲಿ, ನಂದೀಶ ಬೋಗುಣಿ ಹಿಡಿದುಕೊಳ್ಳಲಿ. ಇಷ್ಟನ್ನು ನೀನು ಮಾಡಿಬಿಟ್ಟರೆ ನಮ್ಮ ಮನೆಯಲ್ಲಿ ಆ ವಾಡಿಕೆ ಹುಟ್ಟುವುದೇ ಇಲ್ಲ. ಆಗ ನನ್ನ ಅವ್ವ ಕೊನೆಗೆ ನಕ್ಕದ್ದೂ ನನ್ನ ಪಾಲಿಗೆ ಉಳಿಯಲಿಕ್ಕಿಲ್ಲ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ, ಅಜ್ಜಿ. ಆದರೂ ಹೋಗಲಿ.

ಸಾಸಿವೆ ಡಬ್ಬಿ ತೆಗೆ. ನಿನ್ನ ಅವ್ವನಿಗೆ ಕೇಳಿಸಲಿ.

ಅವಳ ಹೆಸರನ್ನೇ ಇಟ್ಟುಕೊಂಡಿರುವ,
ಚಿಕ್ಕತಾಯಿ