ಕೋಸಿನ ನೀರಿನ ಗೆರೆ

ಬಾಯಾ ವೆಕೆ, ಮರಮುರೇಶ್
14 ಅಕ್ಟೋಬರ್ 2019

ಮುದ್ದಿನ ಅನುತ್ಸಾ,

ಮೊದಲು ನಿನ್ನ ಬೆನ್ನು ಹೇಗಿದೆ ಹೇಳು. ಸ್ಪೇನಿನ ಕಿತ್ತಳೆ ಗೋದಾಮಿನಲ್ಲಿ ದಿನವಿಡೀ ಬಗ್ಗಿ ನಿಲ್ಲುತ್ತೀಯೆಂದು ಉಣ್ಣೆಯ ಪಟ್ಟಿ ಕಳಿಸಿದ್ದೆ. ಕಟ್ಟಿಕೊಳ್ಳುತ್ತೀಯೋ, ನಾಚಿಕೊಂಡು ಕಪಾಟಿನಲ್ಲಿ ಇಟ್ಟಿದ್ದೀಯೋ? ಮಕ್ಕಳ ನೆಗಡಿ ಬಿಟ್ಟಿತೇ? ನನ್ನ ಮೊಣಕಾಲು ಮಳೆಯ ಮುನ್ಸೂಚನೆ ಕೊಡುತ್ತಿದೆ, ರೇಡಿಯೋದವರಿಗಿಂತ ಪ್ರಾಮಾಣಿಕವಾಗಿ. ಅಪ್ಪನ ವಿಷಯ ಬಂದರೆ ನೀನು ಪುಟ ಮಗುಚುತ್ತೀ, ಗೊತ್ತು. ಈ ಸಲ ಮಗುಚಬೇಡ.

ನಮ್ಮೂರಿಗೆ ಖನಿಜ ಸಂಗ್ರಹಾಲಯ ಬಂದಿದೆ. ಗಣಿ ಮುಚ್ಚಿ ಹದಿಮೂರು ವರ್ಷ. ಗಂಡಸರಲ್ಲಿ ಅರ್ಧ ಜನ ಊರು ಬಿಟ್ಟರು, ಅರ್ಧ ಜನ ಉಸಿರು ಬಿಟ್ಟರು. ಈಗ ಕಲ್ಲಿಗೆ ಗಾಜಿನ ಮನೆ, ಗಾಜಿಗೆ ನೀಲಿ ದೀಪ. ಅಪ್ಪ ಇಪ್ಪತ್ತಾರು ವರ್ಷ ಬೆಳಿಗ್ಗೆ ಐದಕ್ಕೆ ತಲೆದೀಪ ತೆಗೆದುಕೊಳ್ಳುತ್ತಿದ್ದ ಕಿಟಕಿಯಲ್ಲೇ ಟಿಕೆಟ್ ಹರಿಯುತ್ತಾರೆ. ಬಾಗಿಲಲ್ಲಿ ಒಂದು ಬೊಂಬೆಗೆ ಗಣಿಯವನ ವೇಷ ಹಾಕಿದ್ದಾರೆ, ಇಸ್ತ್ರಿ ಅಂಗಿ, ಗುಲಾಬಿ ಕೆನ್ನೆ. ಅಂಥ ಕೆನ್ನೆಯ ಗಣಿಯವನನ್ನು ನಾನು ಜನ್ಮದಲ್ಲಿ ಕಂಡಿದ್ದಿಲ್ಲ. ಮೊನ್ನೆ ಶನಿವಾರ ಉದ್ಘಾಟನೆ. ಅಪ್ಪ ಬರಲಿಲ್ಲ, ಮೆಟ್ಟಿಲಿಗೆ ಶ್ವಾಸ ಸಾಲದು ಎಂದ. ಗಣಿಯ ಹಳೇ ಇಂಜಿನಿಯರ್ ಸಬೌ ಮಾತ್ರ ಬಂದಿದ್ದ, ಹೊಸ ಟೈ, ಹಳೇ ಬಾಯಿ. "ನಮ್ಮ ಪಾದದಡಿಯ ಹೂದೋಟ" ಎಂದು ಅರ್ಧ ಗಂಟೆ ಕೊರೆದ. ಆ ಮನುಷ್ಯ ಗಣಿಯಲ್ಲಿ ಕೊರೆದದ್ದು ಅಷ್ಟೇ.

ಆಮೇಲೆ ಗೈಡ್ ಹುಡುಗಿ ನಮ್ಮನ್ನು ನಡುಮನೆಯ ದೊಡ್ಡ ಗಾಜಿನ ಮುಂದೆ ನಿಲ್ಲಿಸಿದಳು. ಒಳಗೆ ಜೇನುಬಣ್ಣದ ಹರಳುಗೊಂಚಲು. ಮೇಲರ್ಧ ಫಳಫಳ, ಕೆಳಗಿನರ್ಧ ಸವೆದು ಮಂಕು, ನಡುವೆ ದಾರ ಹಿಡಿದು ಎಳೆದ ಹಾಗೆ ಗೆರೆ. "ಈ ಗೆರೆ ಕೋಟಿ ವರ್ಷಗಳ ಹಿಂದೆ ಪಾತಾಳದ ನೀರು ನಿಂತಿದ್ದ ಮಟ್ಟ, ಪ್ರಪಂಚದಲ್ಲೇ ಅಪರೂಪ" ಎಂದಳು. ಚೀಟಿಯಲ್ಲಿ "ಕೊಡುಗೆ: ಇಂಜಿನಿಯರ್ ಸಬೌ" ಎಂದಿತ್ತು.

ಕೋಟಿ ವರ್ಷವಂತೆ! ಒಂದು ಹಗಲು, ಮಗಳೇ, ನನ್ನ ಹಸಿರು ಬಕೆಟ್ಟಿನಲ್ಲಿ. ನಿನ್ನ ಮದುವೆಯ ವರ್ಷದ ಈಸ್ಟರ್‌ಗೆ ಎಲ್ಲ ಹೆಂಗಸರ ಹಾಗೆ ನಾನೂ ಗಂಡಸರು ಗಣಿಯಿಂದ ತಂದ ಹರಳುಗಳನ್ನು, ನಮ್ಮ ಗಣಿಹೂಗಳನ್ನು, ಉಪ್ಪುಕೋಸಿನ ಹುಳಿನೀರಿನಲ್ಲಿ ನೆನೆಹಾಕಿದ್ದೆನಲ್ಲ. ಬಿಳಿ ಹರಳು ಹೊಳೆದವು. ಜೇನುಬಣ್ಣದ್ದು ಸುಣ್ಣದ ಜಾತಿ ಎಂದು ನನಗೇನು ಗೊತ್ತು? ನೀರಲ್ಲಿ ಮುಳುಗಿದ್ದಷ್ಟೂ ಸವೆದು ಮಂಕಾಯಿತು. ನೀನು ಅತ್ತುಬಿಟ್ಟೆ, ಅಪ್ಪ ನಕ್ಕ. "ಬಿಡೇ, ಲಂಗ ಉಟ್ಟ ಹಾಗಿದೆ, ಮದುಮಗಳಿಗೆ ಸರಿಯಾಯಿತು" ಎಂದ.

ಅದೇ ಕಲ್ಲು. ಅಪ್ಪ ಬುತ್ತಿಚೀಲದಲ್ಲಿ ತಂದದ್ದು, ಮದುವೆಯ ದಿನ ನೀನು ಕೈಯಲ್ಲಿ ಹಿಡಿದು ಹೊಸಿಲು ದಾಟಬೇಕಿದ್ದದ್ದು. ಮದುವೆಗೆ ಹತ್ತು ದಿನವಿದ್ದಾಗ ಕಾಣೆಯಾಯಿತು. "ರಾಜಧಾನಿಯ ಅತಿಥಿಗೆ ತೋರಿಸಿ ವಾಪಸು ಕೊಡುತ್ತೇನೆಂದು ಸಬೌ ಸಾಹೇಬರು ಒಯ್ದರು" ಎಂದು ಅಪ್ಪ ಹೇಳಿದ. ನಾನು ಕಚೇರಿಗೆ ಹೋಗಿ ಕೇಳಿದೆ. "ಯಾವ ಕಲ್ಲಮ್ಮಾ? ನಿನ್ನ ಗಂಡನ ಬಾಟಲಿಯನ್ನು ಕೇಳು" ಎಂದು ಸಬೌ ನಕ್ಕ. ಒಂದು ಕಡೆ ಟೈ, ಇನ್ನೊಂದು ಕಡೆ ಅಪ್ಪನ ಪ್ಲಮ್ ಸಾರಾಯಿಯ ಬಾಯಿ. ಅಪ್ಪನೇ ಕಲ್ಲು ಮಾರಿ ಕುಡಿದನೆಂದು ನಾವು ಟೈಯನ್ನು ನಂಬಿದೆವು. ನೀನು ಬರಿಗೈಯಲ್ಲಿ ಹೊಸಿಲು ದಾಟಿದೆ. "ನನ್ನ ಹೂವನ್ನೂ ಕುಡಿದುಬಿಟ್ಟೆ" ಎಂದು ಅಪ್ಪನಿಗೆ ಹೇಳಿದ್ದೇ ನಿನ್ನ ಕೊನೆಯ ಮಾತು. ಹದಿನಾಲ್ಕು ವರ್ಷ.

ಶನಿವಾರ ಎಲ್ಲರ ಮುಂದೆ ಕೇಳಿದೆ: "ಸಾಹೇಬರೇ, ಕಲ್ಲು ಮನೆಗೆ ತಂದಾಗ ಕೋಸಿನ ವಾಸನೆ ಹೊಡೆಯಲಿಲ್ಲವೇ?" ಟೈ ಸರಿಮಾಡಿಕೊಂಡ. "ಓ, ಪಲಾಗಿಯಾ. ನಿನ್ನ ಗಂಡ ಗವ್ರಿಲಾ ಹೇಗಿದ್ದಾನೆ?" "ಉಸಿರಾಡುತ್ತಿದ್ದಾನೆ, ಗಣಿ ಉಳಿಸಿದಷ್ಟು" ಎಂದೆ. ಗೈಡ್ ಹುಡುಗಿ ದಾಖಲೆ ಇದೆಯೇ ಎಂದಳು. ಬಕೆಟ್ ಇದೆ ತಾಯಿ, ತಂದುಕೊಡಲೇ ಎಂದೆ. ಹಿಂದಿದ್ದ ಹಳೇ ಗಣಿಯವರು ನಕ್ಕರು. ಸಬೌಗೆ ತುರ್ತಾಗಿ ಎಲ್ಲೋ ಹೋಗಬೇಕಾಗಿತ್ತು.

ಆ ಮನುಷ್ಯನ ಮೇಲೆ ಉಗಿಯಲು ನನ್ನಲ್ಲಿ ಎಂಜಲು ಬೇಕಾದಷ್ಟಿದೆ. ಆದರೆ ಮನೆಗೆ ಬರುವ ದಾರಿಯಲ್ಲಿ ಅದರ ಮುಕ್ಕಾಲು ಪಾಲು ನನಗೇ ಸಲ್ಲಬೇಕು ಅನ್ನಿಸಿತು. ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ. ಎಲ್ಲ ಹೇಳಿದೆ. "ನಾನು ಹೇಳಿದ್ದೆನಲ್ಲ" ಎಂದ, ಅಷ್ಟೇ. ಇನ್ನೊಂದು ಆಲೂಗಡ್ಡೆ ಸುಲಿದು, "ಬೆಳಕು ಹಿಂದಿನಿಂದ ಬೀಳುವ ಹಾಗೆ ಇಟ್ಟಿದ್ದಾರಾ? ಆ ಹೂವಿಗೆ ಹಿಂದಿನಿಂದಲೇ ಬೀಳಬೇಕು" ಎಂದು ಕೇಳಿದ.

ದೇವಮಾತೆ ನಿನ್ನ ಬೆನ್ನನ್ನೂ ಮಕ್ಕಳನ್ನೂ ಕಾಯಲಿ. ಅಳಿಯನಿಗೆ ನೆನಪು ಹೇಳು.

ನಿನ್ನ ಅಮ್ಮ,
ಪಲಾಗಿಯಾ

ತಾ.ಕ.: ಈ ಪತ್ರ ಅಪ್ಪನಿಗೆ ಗೊತ್ತಿಲ್ಲ. ಭಾನುವಾರ ನಿನ್ನ ಫೋನು ಬರುವ ಹೊತ್ತಿಗೆ ಅವನು ರೇಡಿಯೋ ರಿಪೇರಿಗೆಂದು ಫೋನಿನ ಪಕ್ಕದಲ್ಲೇ ಕೂರುತ್ತಾನೆ. ಹದಿನಾಲ್ಕು ವರ್ಷದಿಂದ ಕೂತಿದ್ದಾನೆ, ರೇಡಿಯೋ ಎಂದೂ ಕೆಟ್ಟಿಲ್ಲ. ಈ ಭಾನುವಾರ ಫೋನನ್ನು ನಾನು ಎತ್ತುವುದಿಲ್ಲ, ಅವನೇ ಎತ್ತಲಿ.